ನಾಲ್ಕನೆಯ ಕಾರಣ

ಫೆಬ್ರವರಿ 4, ಮಂಗಳವಾರ

ನಾನು ಕಾಲಿಡುವ ತನಕ ಆ ಕಾಲೇಜಿನಲ್ಲಿ ವಿದ್ಯೆ ಅನ್ನುವುದೇ ಇರಲಿಲ್ಲ. ಕಟ್ಟಡ ಇತ್ತು. ಬೆಂಚು ಇತ್ತು. ಪ್ರೊಫೆಸರುಗಳೂ ಇದ್ದರು, ಪಾಪ. ವಿದ್ಯೆ ಬಂದದ್ದು ನನ್ನ ಗಂಟಲಿನಿಂದ. ಇಲ್ಲಿಗೆ ನೂರು ಪುಸ್ತಕ ಓದಿ ಬಿಸಾಕಿದೆ.

ಇರಲಿ, ಎರಡೂವರೆ. ಡೈರಿಗೆ ಯಾಕೆ ಲೆಕ್ಕ ಕೊಡಬೇಕು.

ಬೆಳಿಗ್ಗೆ ಎಂದಿನಂತೆ ಮಾರ್ಕೆಟ್ಟು. ಟೊಮೆಟೊ ಕ್ರೇಟುಗಳ ಮೇಲೆ ಹತ್ತಿ ನಿಂತು ಹರಾಜು ಕೂಗಿದೆ. ಎಲೆಕೋಸಿಗೆ ಕೊಳ್ಳುವವರೇ ಇರಲಿಲ್ಲ, ಕೂಗಿ ಕೂಗಿ ಏರಿಸಿದೆ. ಮುಖ ತೊಳೆದು ಬಸ್ಸು ಹಿಡಿದು ಕಾಲೇಜಿನ ಹಿಂಭಾಗದ ಕೋಣೆ. ಮೊದಲು ಅಲ್ಲಿ ಆಟದ ಸಾಮಾನು ಇಡುತ್ತಿದ್ದರಂತೆ. ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು ಇನ್ನೂ ಇವೆ. ಸದ್ದು ಹೀರಲಿ ಅಂತ ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಅಂಟಿಸಿದ್ದಾರೆ. ಒಂದು ಮೈಕು, ಒಂದು ಕಂಪ್ಯೂಟರು, ಒಂದು ಫ್ಯಾನು. ರೆಕಾರ್ಡಿಂಗ್ ಶುರುವಾದರೆ ಫ್ಯಾನು ಆರಿಸಬೇಕು. ಕಣ್ಣು ಕಾಣದ ನಾಲ್ಕು ಮಕ್ಕಳಿಗೆ ಪಾಠದ ಪುಸ್ತಕ ಓದಿ ಆಡಿಯೋ ಮಾಡಿಕೊಡುವ ಕೆಲಸ. ಸಂಬಳ ಇಲ್ಲ. ಟೀ ಉಂಟು.

ಕಂಪ್ಯೂಟರೇ ಓದುತ್ತದಲ್ಲ, ನಾನ್ಯಾಕೆ ಅಂತ ಕೇಳಿದ್ದೆ. ಹೊಸ ಪುಸ್ತಕವಾದರೆ ಓದುತ್ತದೆ. ಈ ಅರ್ಥಶಾಸ್ತ್ರದ ಪುಸ್ತಕ ಹಳೆಯ ಅಚ್ಚು, ಮಾಸಿದ ಕಾಗದ. ಒತ್ತಕ್ಷರ ಬಂದಲ್ಲೆಲ್ಲ ಕಂಪ್ಯೂಟರು ಕಕ್ಕುತ್ತದೆ. ಕೇಳಿ ನೋಡಿದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವನ ಹಾಗಿತ್ತು.

ನಾಲ್ವರಲ್ಲಿ ಒಬ್ಬಳು ಅಕ್ಕನ ಮಗಳು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಮನೆಯಲ್ಲಿ ಕರೆಯುವುದು ಜಡ್ಜಮ್ಮ. ಮೊಣಕಾಲೆತ್ತರ ಇದ್ದಾಗಲೇ ಯಾರು ಸುಳ್ಳು ಹೇಳಿದರು, ಯಾರು ಬೆಲ್ಲ ಕದ್ದರು ಅಂತ ತೀರ್ಪು ಕೊಡುತ್ತಿದ್ದಳು. ಈಗ ಬಿ.ಎ. ಕಡೆಯ ಸೆಮಿಸ್ಟರು. ಟೀಚರ್ ಆಗಬೇಕಂತೆ. ಅದಕ್ಕೆ ಟ್ರೇನಿಂಗ್ ಕಾಲೇಜಿನಲ್ಲಿ ಸೀಟು ಬೇಕು. ಪೈಪೋಟಿ ಜಾಸ್ತಿ, ಅಲ್ಲಿ ಸೀಟಿಗೆ ಅರುವತ್ತು ಪರ್ಸೆಂಟು ಬೇಕು. ಈಗ ಸರಿಯಾಗಿ ಅರುವತ್ತರ ಗೆರೆಯ ಮೇಲೆ ನಿಂತಿದ್ದಾಳೆ. ಅತ್ತ ಒಂದು ಹೆಜ್ಜೆ ಹೊಳೆ, ಇತ್ತ ಒಂದು ಹೆಜ್ಜೆ ದಡ.

ಮಾವ ಇರುವಾಗ ಯಾವ ಹೊಳೆ?

ಫೆಬ್ರವರಿ 7, ಶುಕ್ರವಾರ

ಕೋಣೆ ನೋಡಿಕೊಳ್ಳುವ ಮೇಡಂ ಇವತ್ತು ಮತ್ತೆ ರೂಲ್ಸು ಹೇಳಿದರು. ವಯಸ್ಸಿನಲ್ಲಿ ನನ್ನ ಅರ್ಧ. ದನಿಯೋ, ಇರುವೆ ಕೆಮ್ಮಿದ ಹಾಗೆ.

"ಅಣ್ಣಾ, ಪುಟದ ನಂಬರ್ ಹೇಳಿ. ಇದ್ದದ್ದು ಇದ್ದ ಹಾಗೆ ಓದಿ. ಟೇಬಲ್ಲು, ನಕ್ಷೆ ಏನಾದ್ರೂ ಬಂದ್ರೆ ಮಾತಲ್ಲಿ ಬಿಡಿಸಿ ಹೇಳಿ. ಆದ್ರೆ ಹೇಳೋಕ್ಕೆ ಮುಂಚೆ 'ಓದುಗರ ಟಿಪ್ಪಣಿ' ಅನ್ಬೇಕು. ಹೇಳಿ ಆದ್ಮೇಲೆ 'ಟಿಪ್ಪಣಿ ಮುಗೀತು' ಅನ್ಬೇಕು."

"ಅದ್ಯಾಕೆ ಮೇಡಂ, ಮದುವೆ ಮನೇಲಿ ಹೆಸರು ಕೂಗ್ದಂಗೆ?"

"ಯಾವುದು ಪುಸ್ತಕ, ಯಾವುದು ನೀವು ಅಂತ ಅವರಿಗೆ ಗೊತ್ತಾಗ್ಬೇಕಲ್ಲ."

"ಹರಾಜಲ್ಲಿ ಮಾತು ನಿಂತ್ರೆ ರೇಟು ಬಿತ್ತು ಅಂತ ಲೆಕ್ಕ. ನನ್ನ ಬಾಯಿ ನಿಲ್ಲಲ್ಲ."

"ಇದು ಹರಾಜಲ್ಲ ಅಣ್ಣಾ."

ನಕ್ಕು ಸುಮ್ಮನಾದೆ. ಎಲ್ಲಿವರೆಗೆ ಓದಿದ್ದೀರಿ ಅಂತ ಕೇಳಿದರು. ಬಿ.ಎ., ಹಳೇ ಸಿಲಬಸ್ಸು ಅಂದೆ. ನಂಬಿದರು. ನಮ್ಮ ಹಳ್ಳಿ ಶಾಲೆ ಏಳಕ್ಕೇ ಮುಗಿಯುತ್ತಿತ್ತು, ಅದು ನನ್ನ ತಪ್ಪೇ? ಇನ್‌ಸ್ಪೆಕ್ಟರು ಬಂದಾಗ ಮೇಷ್ಟ್ರು ನನ್ನನ್ನೇ ಎಬ್ಬಿಸುತ್ತಿದ್ದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ತಡವರಿಸದೆ ಓದುತ್ತಿದ್ದೆ. ಇನ್‌ಸ್ಪೆಕ್ಟರು ಬೆನ್ನು ತಟ್ಟಿ ಹೋಗುತ್ತಿದ್ದರು.

ಫೆಬ್ರವರಿ 19, ಬುಧವಾರ

ಇವತ್ತಿನ ಅಧ್ಯಾಯ — 'ಕೃಷಿ ಮಾರುಕಟ್ಟೆ ಮತ್ತು ಬೆಲೆ'. ಹೆಸರು ನೋಡಿಯೇ ಖುಷಿಯಾಯಿತು. ಬಾ ಮಗನೆ, ನನ್ನ ಅಂಗಳಕ್ಕೇ ಬಂದೆ ಅಂದುಕೊಂಡೆ.

ಓದುತ್ತಾ ಹೋದೆ. ಬೆಲೆ ನಿರ್ಧಾರವಾಗಲು ಮೂರು ಕಾರಣವಂತೆ. ಮಾಲಿನ ಆವಕ. ದಾಸ್ತಾನು. ಸಾಗಣೆ. ಪುಟ ತಿರುಗಿಸಿದೆ. ಮುಗಿಯಿತು! ಹರಾಜು ಕೂಗುವವನ ಬಗ್ಗೆ ಒಂದಕ್ಷರ ಇಲ್ಲ. ಚಳಿಯಲ್ಲಿ ಎದ್ದು, ಕ್ರೇಟಿನ ಮೇಲೆ ನಿಂತು, ಇಪ್ಪತ್ತೆಂಟು ವರ್ಷದಿಂದ ಗಂಟಲು ಹರಿದುಕೊಂಡವನು ಈ ಪುಸ್ತಕದವನ ಕಣ್ಣಿಗೆ ನೊಣಕ್ಕಿಂತ ಕಡೆ.

ಮೈಕು ಆನ್ ಇತ್ತು. ಬಾಯಿ ನಿಲ್ಲಲಿಲ್ಲ.

ಅದೇ ದನಿಯಲ್ಲಿ, ಅದೇ ಗತ್ತಿನಲ್ಲಿ ಮುಂದುವರಿಸಿದೆ. "ನಾಲ್ಕನೆಯ ಮತ್ತು ಅತ್ಯಂತ ಮುಖ್ಯ ಕಾರಣವೆಂದರೆ ಹರಾಜು ಕೂಗುವವನ ದನಿ." ಉದಾಹರಣೆಯನ್ನೂ ಕೊಟ್ಟೆ. ಒಂದು ಮಾರುಕಟ್ಟೆಯಲ್ಲಿ ಸಿಂಹಕಂಠದ ಹರಾಜುಗಾರನೊಬ್ಬ ಕೊಳೆತ ಟೊಮೆಟೊವನ್ನು ತಾಜಾ ಟೊಮೆಟೊದ ಎರಡರಷ್ಟು ಬೆಲೆಗೆ ಮಾರಿದ, ಕೊಂಡವರು ಚಪ್ಪಾಳೆ ತಟ್ಟಿ ಹೋದರು ಅಂತ. ಎಷ್ಟು ಪುಸ್ತಕದ ಭಾಷೆ ಅಂದರೆ, ನನಗೇ ಇದು ಅಚ್ಚಾಗಿದೆಯೇನೋ ಅನ್ನಿಸಿತು.

ಆಮೇಲೆ ಒಂದು ಟೇಬಲ್ಲು. ಮನೆ ಮನೆಯಾಗಿ ಅಂಕಿಗಳು. ಅಡ್ಡ ಓದಬೇಕೋ ಉದ್ದ ಓದಬೇಕೋ ತಿಳಿಯಲಿಲ್ಲ. ಮಾಲು ಹೆಚ್ಚಾದ ತಿಂಗಳಲ್ಲಿ ಬೆಲೆ ಎಷ್ಟು, ಕಮ್ಮಿಯಾದ ತಿಂಗಳಲ್ಲಿ ಎಷ್ಟು ಅಂತೇನೋ. ಎಲ್ಲವನ್ನೂ ಏರಿಸಿಕೊಂಡು ಹೋದೆ. ನೂರು, ನೂರಿಪ್ಪತ್ತು, ನೂರೈವತ್ತು… ನನ್ನ ಬಾಯಲ್ಲಿ ಅಂಕಿ ಇಳಿದು ಗೊತ್ತೇ ಇಲ್ಲ. ಅದರ ಕೆಳಗೊಂದು ನಕ್ಷೆ. ಎರಡು ಗೆರೆ ಒಂದಕ್ಕೊಂದು ಕತ್ತರಿಯ ಹಾಗೆ ದಾಟಿದ್ದವು. "ಎರಡೂ ಗೆರೆಗಳು ಕೈಕೈ ಹಿಡಿದು ಮೇಲಕ್ಕೆ ಹೋಗುತ್ತವೆ" ಅಂದೆ.

ಓದುಗರ ಟಿಪ್ಪಣಿ ಅಂತ ಹೇಳಲಿಲ್ಲ. ಹೇಳಿದ್ದರೆ ಓಟವೇ ಕೆಡುತ್ತಿತ್ತು.

ಮೇಡಂ ಹೊರಗೆ ಯಾರ ಜೊತೆಗೋ ಫೋನಿನಲ್ಲಿದ್ದರು.

ಮಾರ್ಚ್ 3, ಸೋಮವಾರ

ಇವತ್ತಿನ ಮಾತು ಬರೆಯಲೇಬೇಕು. ಹೊಟ್ಟೆ ತುಂಬಿದೆ.

ಕಾಲೇಜಿನ ಮೆಟ್ಟಿಲ ಮೇಲೆ ನಾಲ್ವರೂ ಕೂತಿದ್ದರು. ಜಡ್ಜಮ್ಮ, ಅವಳ ಪಕ್ಕ ರೇಡಿಯೋ, ಆಚೆ ಹಾಸ್ಟೆಲಿನ ಇಬ್ಬರು ಹುಡುಗಿಯರು. ರೇಡಿಯೋ ಅಂದರೆ ಹುಡುಗ. ಒಮ್ಮೆ ಕೇಳಿದ್ದನ್ನು ಕೆಮ್ಮು ಸೀನು ಸಮೇತ ವಾಪಸ್ ಒಪ್ಪಿಸುತ್ತಾನೆ. ನನ್ನ ಚಪ್ಪಲಿ ಸದ್ದಿಗೇ ಎದ್ದು ನಿಂತ.

"ಬಂದ್ರು ನೋಡ್ರಪ್ಪ! ನಾಲ್ಕನೆಯ ಮತ್ತು ಅತ್ಯಂತ ಮುಖ್ಯ ಕಾರಣವೆಂದರೆ—"

ನನ್ನದೇ ದನಿ! ನನ್ನದೇ ಏರಿಳಿತ! ಹುಡುಗಿಯರು ಬಿದ್ದು ಬಿದ್ದು ನಕ್ಕರು.

"ಅಂಕಲ್, ಬೇರೆಯವರು ಓದಿದ್ರೆ ನಿದ್ದೆ ಬರುತ್ತೆ. ನೀವು ಓದಿದ್ರೆ ಎದ್ದು ಕೂರ್ತೀವಿ" ಅಂದಳು ಹಾಸ್ಟೆಲಿನ ಒಬ್ಬಳು.

ಅರ್ಥಶಾಸ್ತ್ರದ ಮೇಷ್ಟ್ರು ಆ ಅಧ್ಯಾಯ ಕ್ಲಾಸಿನಲ್ಲಿ ಮಾಡುವುದಿಲ್ಲವಂತೆ. ಸುಲಭ ಇದೆ, ನೀವೇ ಓದಿಕೊಳ್ಳಿ ಅಂದರಂತೆ.

ಬಸ್ಸಿನಲ್ಲಿ ಜಡ್ಜಮ್ಮ ನನ್ನ ಮೊಣಕೈ ಹಿಡಿದು ನಿಂತಿದ್ದಳು. "ಮಾಮ, ಆ ನಾಲ್ಕನೇ ಕಾರಣ ನನಗೆ ಭಾಳ ಹಿಡಿಸ್ತು. ಬರೆದವರು ನಿಜವಾಗ್ಲೂ ಮಾರ್ಕೆಟ್ಟಿಗೆ ಬಂದು ನೋಡಿರಬೇಕು ಅಲ್ವಾ?"

ನಾಲಿಗೆ ತುದಿಗೆ ಬಂತು. ಹಿಂದೆ ನಿಂತವರು ಕೇಳುತ್ತಿದ್ದರು. ಅವಳ ಮುಖದಲ್ಲಿ ಅಷ್ಟು ಹೆಮ್ಮೆ.

"ಹೂಂ ಮತ್ತೆ. ದೊಡ್ಡ ವಿದ್ವಾಂಸರು" ಅಂದೆ.

ಏಪ್ರಿಲ್ 10, ಗುರುವಾರ

ಪರೀಕ್ಷೆ. ಸ್ವಾಯತ್ತ ಕಾಲೇಜಾದ್ದರಿಂದ ಪತ್ರಿಕೆ ತಿದ್ದುವುದೂ ಇಲ್ಲೇ. ನಾಲ್ವರಿಗೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಬರೆಯುವವರು. ಇವರು ಹೇಳಬೇಕು, ಅವರು ಬರೆಯಬೇಕು. ಹೊರಗೆ ಕಟ್ಟೆ ಮೇಲೆ ಕೂತು ಕಾದೆ. ಕಾವಲುಗಾರನಿಗೆ ನಾನು ಈ ಕಾಲೇಜಿನ ಆಡಿಯೋ ವಿಭಾಗದ ಮುಖ್ಯಸ್ಥ ಅಂತ ಹೇಳಿದೆ. ಕುರ್ಚಿ ತಂದುಕೊಟ್ಟ.

ಜಡ್ಜಮ್ಮ ಹೊರಗೆ ಬಂದವಳೇ ಕೋಲು ಮಡಚಿ ನನ್ನ ತೋಳಿಗೆ ಹೊಡೆದಳು. "ಬಂತು ಮಾಮ! ಬೆಲೆ ನಿರ್ಧಾರದ ಕಾರಣ ಹದಿನೈದು ಮಾರ್ಕ್ಸಿಗೆ. ಟೇಬಲ್ಲು ಬೇರೆ, ನಕ್ಷೆ ಬೇರೆ. ಎಲ್ಲಾ ನಿನ್ನ ಅಧ್ಯಾಯದ್ದೇ! ಬರೆಯೋ ಅಕ್ಕ ಸುಸ್ತಾಗಿಹೋದ್ರು, ಅಷ್ಟು ಹೇಳಿದೆ."

ನಗುತ್ತಿದ್ದಳು. ನಾನೂ ನಕ್ಕೆ. ಕಾವಲುಗಾರನ ಕುರ್ಚಿ ವಾಪಸ್ ಕೊಡುವುದನ್ನೇ ಮರೆತೆ.

ಬಿಸಿಲು ಜಾಸ್ತಿ ಇತ್ತು. ಅದಕ್ಕೇ ಇರಬೇಕು.

ಮೇ 2, ಶುಕ್ರವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕಾಲೇಜಿನಿಂದ ಫೋನು. ನಾಲ್ವರೂ ಪ್ರಿನ್ಸಿಪಾಲರ ಕೋಣೆಗೆ ಬರಬೇಕು, ಮನೆಯವರೊಬ್ಬರು ಜೊತೆಗೆ. ಯಾಕೆ ಅಂತ ಹೇಳಲಿಲ್ಲ. ಅಕ್ಕ ಹೊಲಿಗೆ ಮೆಷಿನ್ನಿನಿಂದ ಎದ್ದೇಬಿಟ್ಟಳು.

"ನೀನು ಕೂತ್ಕೋ ಅಕ್ಕ. ಪ್ರಿನ್ಸಿಪಾಲರು ನನ್ನ ಮಾತು ಮೀರಲ್ಲ."

"ನೀನು ಬಾಯಿ ಮುಚ್ಕೊಂಡಿದ್ರೆ ಸಾಕು" ಅಂದಳು ಅಕ್ಕ.

ಹೋದೆವು. ಉದ್ದ ಮೇಜು. ಪ್ರಿನ್ಸಿಪಾಲರು, ಅರ್ಥಶಾಸ್ತ್ರದ ಮೇಷ್ಟ್ರು, ಕೋಣೆಯ ಮೇಡಂ. ಮೇಡಂ ಕಣ್ಣು ಕೆಂಪಾಗಿತ್ತು. ನಾಲ್ವರೂ ಗೋಡೆ ಪಕ್ಕ ಸಾಲಾಗಿ ಕೂತರು. ಉಳಿದ ಮೂವರ ಊರು ದೂರ, ಮನೆಯವರು ಅಂತ ಬಂದವನು ನಾನೊಬ್ಬನೇ, ಬಾಗಿಲ ಹತ್ತಿರದ ಸ್ಟೂಲು.

ಪ್ರಿನ್ಸಿಪಾಲರು ಸುತ್ತು ಬಳಸಲಿಲ್ಲ. "ನೀವು ನಾಲ್ಕು ಜನ ಕಾಪಿ ಮಾಡಿದ್ದೀರಿ."

ಮೇಷ್ಟ್ರು ನಾಲ್ಕೂ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದರು.

"ನಾಲ್ಕು ರೂಮು, ನಾಲ್ಕು ಜನ ಬರೆಯೋರು. ಉತ್ತರ ಒಂದೇ. ಪದಕ್ಕೆ ಪದ ಒಂದೇ. ಸರಿ ಉತ್ತರ ಒಂದೇ ಆಗಿದ್ರೆ ಒಪ್ಕೋಬಹುದು. ತಪ್ಪು ಹೇಗ್ರೀ ಒಂದೇ ಆಗುತ್ತೆ? ಯಾರೋ ಬರೆದ್ಕೊಟ್ಟಿದ್ದಾರೆ. ಬರೆಯೋರ ಕೈಗೆ ಕೊಟ್ಟಿದ್ದಾರೆ."

ಮೇಷ್ಟ್ರು ಉತ್ತರಪತ್ರಿಕೆ ಎತ್ತಿಕೊಂಡು ಓದಿದರು. "ನಾಲ್ಕನೆಯ ಮತ್ತು ಅತ್ಯಂತ ಮುಖ್ಯ ಕಾರಣವೆಂದರೆ ಹರಾಜು ಕೂಗುವವನ ದನಿ. ಒಂದು ಮಾರುಕಟ್ಟೆಯಲ್ಲಿ ಸಿಂಹಕಂಠದ…"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನ ಕೈ ಗಂಟಲಿಗೆ ಹೋಗಿತ್ತು. ಯಾರೂ ನೋಡಲಿಲ್ಲ. ನೋಡುವವರು ಕಾಗದ ನೋಡುತ್ತಿದ್ದರು. ಗೋಡೆ ಪಕ್ಕ ಕೂತವರಿಗೆ ನನ್ನ ಕೈ ಕಾಣುವುದಿಲ್ಲ.

ಎರಡನೆಯ ಪತ್ರಿಕೆ ಓದಿದರು. ಸಿಂಹಕಂಠ. ಮೂರನೆಯದು. ಸಿಂಹಕಂಠ. ಕೊಳೆತ ಟೊಮೆಟೊ. ಚಪ್ಪಾಳೆ. ನಾನು ಸತ್ತು ನನ್ನ ಗುಣಗಾನವನ್ನು ಪೊಲೀಸು ಠಾಣೆಯಲ್ಲಿ ಓದಿದ ಹಾಗಿತ್ತು.

ರೇಡಿಯೋ ಎದ್ದುಬಿಟ್ಟ. ಮುಖವೆಲ್ಲ ನಗು, ಪಾಪ. ಏನೋ ಸಣ್ಣ ಗೊಂದಲ, ಈಗ ಬಿಡಿಸಿಬಿಡುತ್ತೇನೆ ಅನ್ನುವ ನಗು.

"ಸರ್, ತಪ್ಪೇನಿಲ್ಲ ಸರ್! ಅದು ಪುಸ್ತಕದಲ್ಲೇ ಇದೆ. ಪುಟ ನೂರಾ ಹದಿನಾಲ್ಕು."

ಮೇಷ್ಟ್ರು ಪುಸ್ತಕ ತೆಗೆದರು. ಹಾಳೆ ಮಗುಚುವ ಸದ್ದು. ನಾಲ್ವರೂ ಆ ಸದ್ದಿನ ಕಡೆ ಕಿವಿ ತಿರುಗಿಸಿದರು.

"ನೂರಾ ಹದಿನಾಲ್ಕು. ಮೂರೇ ಕಾರಣ ಇರೋದು."

"ಮುಂದಿನ ಪುಟ ನೋಡಿ ಸರ್."

"ನೂರಾ ಹದಿನೈದು. ಟೇಬಲ್ಲು. ನೀವು ಬರೆದಿರೋ ಒಂದು ಅಂಕಿನೂ ಇದ್ರಲ್ಲಿಲ್ಲ. ನಾಲ್ಕನೇ ಕಾರಣ ಅಂತ ಒಂದು ಇಲ್ವೇ ಇಲ್ಲ ಕಣಪ್ಪ."

"ಇಲ್ವಾ?" ಅಂದ ರೇಡಿಯೋ.

ಆ ಒಂದು ಶಬ್ದ. ಮಾರ್ಕೆಟ್ಟಿನ ಗದ್ದಲದಲ್ಲಿ ನಿಂತರೂ ಇನ್ನು ಅದು ನನ್ನ ಕಿವಿಯಿಂದ ಹೋಗುವುದಿಲ್ಲ. ಎದ್ದು ಹೋಗಿ ಪುಸ್ತಕ ನೋಡುವ ಹಾಗಿಲ್ಲ. ಮೇಷ್ಟ್ರು ಇಲ್ಲ ಅಂದರೆ ಇಲ್ಲ. ನಾನು ಇದೆ ಅಂದಿದ್ದಕ್ಕೆ ಇತ್ತು. ನನಗೆ ಇಷ್ಟು ದಿನ ಇದು ಹೊಳೆದೇ ಇರಲಿಲ್ಲ!

ಹಾಸ್ಟೆಲಿನ ಚಿಕ್ಕವಳು ಅಳಲು ಶುರು ಮಾಡಿದಳು. ಜಡ್ಜಮ್ಮ ಅಳಲಿಲ್ಲ. ಅವಳ ಮುಖ ನಿಧಾನವಾಗಿ ಬಾಗಿಲ ಕಡೆ ತಿರುಗಿತು. ಸ್ಟೂಲಿನ ಕಡೆ. ನೆಟ್ಟಗೆ ನನ್ನ ಕಡೆ.

ಗೊತ್ತಾಗಿಹೋಯಿತು ಅವಳಿಗೆ.

"ಸರ್, ನಮ್ಮ ಫೋನಲ್ಲಿ ಆಡಿಯೋ ಇದೆ, ಹಾಕ್ತೀನಿ" ಅಂತ ರೇಡಿಯೋ ಜೇಬಿಗೆ ಕೈ ಹಾಕಿದ. ಜಡ್ಜಮ್ಮ ಅವನ ಮುಂಗೈ ಹುಡುಕಿ ಹಿಡಿದುಕೊಂಡಳು.

"ಸೋಮವಾರ ತರ್ತೀವಿ ಸರ್. ದಯವಿಟ್ಟು ಸೋಮವಾರದ ತನಕ ಟೈಮ್ ಕೊಡಿ."

"ಸೋಮವಾರ ಸರಿಯಾದ ಉತ್ತರ ಬರಲಿಲ್ಲ ಅಂದ್ರೆ ನಾಲ್ವರದ್ದೂ ಈ ವರ್ಷದ ಪರೀಕ್ಷೆ ರದ್ದು. ಎಲ್ಲಾ ಪೇಪರ್ರೂ. ಬರೆಯೋರನ್ನ ಗೊತ್ತು ಮಾಡಿದ್ದು ಮೇಡಂ, ಅವರೂ ಜವಾಬು ಕೊಡ್ಬೇಕಾಗುತ್ತೆ" ಅಂದರು ಪ್ರಿನ್ಸಿಪಾಲರು. ಆಮೇಲೆ ನನ್ನ ಕಡೆ ನೋಡಿದರು. "ಮನೆಯವರು ಏನಾದ್ರೂ ಹೇಳೋದಿದೆಯಾ?"

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬಾಯಿ ನಿಂತಿತು. ಇಲ್ಲ ಅಂತ ತಲೆ ಆಡಿಸಿದೆ.

ಬಸ್ಸಿನಲ್ಲಿ ಅವಳು ನನ್ನ ಮೊಣಕೈ ಹಿಡಿಯಲಿಲ್ಲ. ಕಂಬಿ ಹಿಡಿದು ನಿಂತಳು.

ಮೇ 3, ಶನಿವಾರ

ಉಪಾಯ ಹೊಳೆಯಿತು! ನನ್ನ ತಲೆಯೇ ತಲೆ. ಹರಾಜಿಗೆ ರಜೆ ಹಾಕಿ ಬೆಳಿಗ್ಗೆಯೇ ಕೋಣೆಗೆ ಹೋದೆ.

ಆ ಅಧ್ಯಾಯವನ್ನು ಮೊದಲಿಂದ ಓದಿದೆ. ಇದ್ದದ್ದು ಇದ್ದ ಹಾಗೆ. ಮೂರೇ ಕಾರಣ. ಟೇಬಲ್ಲಿನ ಮೇಲೆ ಬೆರಳಿಟ್ಟು ಒಂದೊಂದು ಮನೆಯನ್ನೂ ಓದಿದೆ. ಮಾಲು ಜಾಸ್ತಿಯಾದ ತಿಂಗಳಲ್ಲಿ ಬೆಲೆ ಇಳಿದಿತ್ತು. ಅಷ್ಟೇ. ಮಾರ್ಕೆಟ್ಟಿನಲ್ಲಿ ದಿನಾ ನೋಡುವುದೇ. ಒಂದು ಗೆರೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಇಷ್ಟು ಸುಲಭ ಇತ್ತು. ಓದುಗರ ಟಿಪ್ಪಣಿ ಅಂದೆ, ಟಿಪ್ಪಣಿ ಮುಗೀತು ಅಂದೆ. ಶರಟು ಒದ್ದೆಯಾಗಿತ್ತು.

ಹೊರಗೆ ಬಂದು ಮೇಡಂಗೆ ಹೇಳಿದೆ. "ತಗೊಳ್ಳಿ, ಹೊಸ ಫೈಲು. ಹಳೇದನ್ನ ಇಲ್ಲೂ ಮಕ್ಕಳ ಫೋನಲ್ಲೂ ಅಳಿಸಿ ಇದನ್ನ ಹಾಕ್ಬಿಡಿ. ಸೋಮವಾರ ಇದನ್ನೇ ಕೇಳಿಸಿದ್ರಾಯ್ತು. ಎಲ್ಲಾ ಸರಿ ಇದೆ."

ಮೇಡಂ ನನ್ನನ್ನೇ ನೋಡಿದರು. ಆಗ ಅವರಿಗೂ ತಿಳಿಯಿತು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಅಣ್ಣಾ… ಅದು ನೀವಾ?"

"ಏನೋ ಒಂದೆರಡು ಮಾತು ಆಚೆ ಈಚೆ—"

"ಹೊಸದು ಕೇಳಿಸಿದ್ರೆ ಏನಾಗುತ್ತೆ ಗೊತ್ತಾ? ಆಡಿಯೋದಲ್ಲಿ ಮೂರು ಕಾರಣ, ಪುಸ್ತಕದಲ್ಲಿ ಮೂರು ಕಾರಣ, ಮಕ್ಕಳು ಬರೆದಿದ್ದು ಮಾತ್ರ ನಾಲ್ಕು. ಆಗ ಅವರು ಕಾಪಿ ಮಾಡಿದ್ದು ಖಾಯಂ ಆಯ್ತು. ಅವರು ಕಳ್ಳರಲ್ಲ ಅನ್ನೋಕೆ ಇರೋದು ಆ ಹಳೇ ಫೈಲೊಂದೇ!"

ಗೋಡೆ ಹಿಡಿದುಕೊಂಡೆ. ಮೊಟ್ಟೆ ಟ್ರೇ ಒಂದು ಕಿತ್ತು ಕೈಗೆ ಬಂತು.

ನನ್ನ ತಲೆಯೇ ತಲೆ ಅಂತ ಮೇಲೆ ಬರೆದಿದ್ದೇನೆ. ಹೊಡೆದು ಹಾಕಬೇಕು ಅನ್ನಿಸಿತು. ಇರಲಿ ಬಿಡು.

ಮೇಡಂ ಬೈಯಲಿಲ್ಲ. "ನಾನೂ ಒಂದ್ಸಲ ಕೇಳಿ ನೋಡ್ಬೇಕಿತ್ತು. ಟೈಮಿಲ್ಲ ಅಂತ ಬಿಟ್ಟೆ" ಅಂದರು. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

ಮೇ 4, ಭಾನುವಾರ

ಅಕ್ಕ ಬಟ್ಟೆ ಕೊಡಲು ಹೋಗಿದ್ದಳು. ಜಡ್ಜಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಎದುರಿಗೆ ಹೋಗಿ ಕೂತೆ. ಮೊರ ನನ್ನ ಕಡೆಗೂ ಸ್ವಲ್ಪ ತಳ್ಳಿದಳು. ಇಬ್ಬರೂ ಬಿಡಿಸಿದೆವು.

"ಜಡ್ಜಮ್ಮ."

"ಹೂಂ."

"ನಿನಗೆ ಶುಕ್ರವಾರವೇ ಗೊತ್ತಾಯ್ತಲ್ಲ. ಯಾಕೆ ಹೇಳಲಿಲ್ಲ ಅಲ್ಲಿ?"

"ನೀನು ಹೇಳ್ತೀಯೇನೋ ಅಂತ ಕಾದೆ."

ಬಟಾಣಿ ಒಂದು ಸಿಡಿದು ಎಲ್ಲೋ ಹೋಯಿತು. ಹುಡುಕುವ ನೆಪ ಮಾಡಿದೆ.

"ನಿನಗೆ ನನ್ನ ಬುರುಡೆ ಗೊತ್ತು. ಚಿಕ್ಕಂದಿನಿಂದ ಹಿಡೀತೀಯ. ಹುಲಿ ಓಡಿಸಿದ್ದು, ಸರ್ಕಸ್ಸಿನವರು ಕರೆದದ್ದು… ಎಲ್ಲಾ ಹಿಡಿದೆ. ಇದೊಂದು ಹೇಗೆ ತಪ್ಪಿಸ್ಕೊಳ್ತು?"

ಜಡ್ಜಮ್ಮ ಬಿಡಿಸುತ್ತಲೇ ಇದ್ದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಅವಳ ಬೆರಳು ತಪ್ಪುವುದಿಲ್ಲ.

"ನೀನು ಬಾಯಿಗೆ ಬಂದದ್ದು ಹೇಳ್ತೀಯ ಅಂತ ಊರಿಗೇ ಗೊತ್ತು ಮಾಮ. ಕೈಯಲ್ಲಿ ಪುಸ್ತಕ ಹಿಡಿದಾಗಲೂ ಹೇಳ್ತೀಯ ಅಂತ ಯಾರು ಅಂದ್ಕೋತಾರೆ?"

ಕೋಪದಲ್ಲಿ ಹೇಳಲಿಲ್ಲ. ಕೇಳಿದ್ದು ಅಷ್ಟೇ, ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ.

ಕೈಯಲ್ಲಿದ್ದ ಬಟಾಣಿಯನ್ನು ಮೊರಕ್ಕೆ ಹಾಕಿದೆ. ಅಲ್ಲಿಂದ ಎದ್ದು ಬಂದೆ. ಮೆಟ್ಟಿಲಲ್ಲಿ ಕೂತುಬಿಟ್ಟೆ.

ಮೇ 5, ಸೋಮವಾರ

ಹೇಳಿದೆ.

ಬರೆಯುವಾಗ ಒಂದೇ ಶಬ್ದ. ಅಲ್ಲಿ ಬಾಯಿಂದ ಹೊರಡಬೇಕಾದರೆ ಹಲ್ಲು ಕಿತ್ತ ಹಾಗಾಯಿತು. "ಸರ್, ನಾಲ್ಕನೇ ಕಾರಣ ನಾನು. ಆ ಸಿಂಹಕಂಠದವನೂ ನಾನೇ. ಟೊಮೆಟೊ ಕಥೆಯೂ ಸುಳ್ಳು, ಅವತ್ತು ಯಾರೂ ಕೊಳ್ಳಲಿಲ್ಲ, ದನಕ್ಕೆ ಹಾಕಿದ್ವಿ."

ಹಳೆಯ ಫೈಲು ಹಾಕಿದರು. ಮೊದಲ ಸಲ ಹೊರಗಿನವನಾಗಿ ನನ್ನ ದನಿ ಕೇಳಿದೆ. ಪುಸ್ತಕ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ, ನನಗೇ ಗೊತ್ತಾಗಲಿಲ್ಲ. ಎಷ್ಟು ಚೆನ್ನಾಗಿತ್ತು! ಅದಕ್ಕೇ ಭಯವಾದದ್ದು. ಮೇಷ್ಟ್ರು ಪುಸ್ತಕದ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದವರು ಒಂದು ಕಡೆ ಬೆರಳು ನಿಲ್ಲಿಸಿದರು. ದನಿ ಮುಂದೆ ಹೋಗುತ್ತಲೇ ಇತ್ತು.

"ನೀವು ಏನು ಓದಿದ್ದೀರಿ?" ಪ್ರಿನ್ಸಿಪಾಲರು ಕೇಳಿದರು.

"ಏಳನೇ ಕ್ಲಾಸು."

ಮೇಡಂ ತಲೆ ತಗ್ಗಿಸಿದರು.

ಕಾಪಿ ಅಲ್ಲ ಅಂತಾಯಿತು. ಪರೀಕ್ಷೆ ರದ್ದಿಲ್ಲ. ಮೇಡಂಗೂ ಏನೂ ಇಲ್ಲ. ರೇಡಿಯೋ ಉಸಿರು ಬಿಟ್ಟದ್ದು ಇಡೀ ಕೋಣೆಗೆ ಕೇಳಿಸಿತು. ನಾನೂ ಬಿಟ್ಟೆ. ಬೇಗ ಬಿಟ್ಟೆ.

"ಆದ್ರೆ ಉತ್ತರ ತಪ್ಪು ತಪ್ಪೇ" ಅಂದರು ಮೇಷ್ಟ್ರು. "ಪುಸ್ತಕದ ಪ್ರಕಾರವೇ ಮಾರ್ಕ್ಸ್ ಹಾಕ್ಬೇಕು. ಯಾರು ಹೇಳ್ಕೊಟ್ಟಿದ್ದು ಅಂತ ನೋಡೋಕೆ ರೂಲ್ಸಲ್ಲಿ ಜಾಗ ಇಲ್ಲ. ಮತ್ತೆ ಪರೀಕ್ಷೆ ಕೊಡೋಕೂ ಇಲ್ಲ." ಸ್ವಲ್ಪ ತಡೆದು, "ನಾನೂ ಆ ಚಾಪ್ಟರ್ ಕ್ಲಾಸಲ್ಲಿ ಮಾಡ್ಬೇಕಿತ್ತು" ಅಂದರು.

"ಸರ್, ಅವರ ಬದಲು ನನ್ನದೇ ಏನಾದ್ರೂ ಕತ್ತರಿಸಿ" ಅಂದೆ.

ಯಾರೂ ನಗಲಿಲ್ಲ. ನಾನು ನಗಿಸಲು ಹೇಳಿದ್ದಲ್ಲ. ಅದೂ ಯಾರಿಗೂ ಗೊತ್ತಾಗಲಿಲ್ಲ.

ಹೊರಗೆ ರೇಡಿಯೋ ನನ್ನ ಹತ್ತಿರ ಬಂದ. ಬೈಯಲಿ ಅಂತ ನಿಂತೆ. "ಅಂಕಲ್, ಮೊದಲಿನ ಎರಡು ಪುಸ್ತಕದಲ್ಲಿ ಏನಾದ್ರೂ ಇದೆಯಾ?" ಅಂತ ಕೇಳಿದ. ಇಲ್ಲ ಅಂದೆ. ನಂಬಿದನೋ ಇಲ್ಲವೋ. ನನ್ನ ಇಲ್ಲ ಅನ್ನುವುದಕ್ಕೆ ಈಗ ಏನು ರೇಟು?

ಅಕ್ಕನಿಗೆ ಎಲ್ಲಾ ಸರಿಹೋಯಿತು ಅಂತ ಹೇಳಿದೆ. ಏನೋ ಕಾಗದದ ಗೊಂದಲ ಅಂದೆ. ಜಡ್ಜಮ್ಮ ಪಕ್ಕದಲ್ಲೇ ಇದ್ದಳು. ತೀರ್ಪು ಕೊಡಲಿಲ್ಲ.

ಜೂನ್ 11, ಬುಧವಾರ

ಒಂದು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಹರಾಜು, ಮನೆ. ಹರಾಜಿನಲ್ಲಿ ಎರಡು ಸಲ ಮಾತು ಮರೆತು ನಿಂತೆ. ಮಂಡಿಯವರು ಬೈದರು.

ಇವತ್ತು ರಿಸಲ್ಟು. ಜಡ್ಜಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಳು. ಫೋನು ಅವಳಿಗೆ ಮಾತ್ರ ಕೇಳುವ ಹಾಗೆ ಓಡೋಡಿ ಓದಿತು. ಎರಡನೆಯ ಸಲ ಓದಿಸಿದಳು. ಅಕ್ಕ ಕತ್ತರಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ನಾನು ಬಾಗಿಲ ಹೊರಗೆ, ಚಪ್ಪಲಿ ಹಾಕುವವನ ಹಾಗೆ.

"ಎಷ್ಟು ಬಂತೇ?"

"ಪಾಸಮ್ಮ."

"ಅರುವತ್ತು?"

"ಇಲ್ಲ. ಒಂಚೂರಲ್ಲಿ ಹೋಯ್ತು."

"ಯಾವುದ್ರಲ್ಲಿ?"

"ಅರ್ಥಶಾಸ್ತ್ರ. ಮೂರು ಮಾರ್ಕ್ಸು. ಪರೀಕ್ಷೆ ದಿನ ನನಗೇ ತಲೆ ಓಡಲಿಲ್ಲಮ್ಮ, ಏನೇನೋ ಹೇಳ್ಬಿಟ್ಟೆ. ಮಾಮ ಅಂತೂ ಎಷ್ಟು ಓದಿ ಕೊಟ್ಟಿದ್ದ."

ಚಪ್ಪಲಿ ಹಾಕಿದ್ದೆ. ಮತ್ತೆ ತೆಗೆದೆ. ಮತ್ತೆ ಹಾಕಿದೆ.

ಜಡ್ಜಮ್ಮ ಸುಳ್ಳು ಹೇಳಿದಳು. ನನ್ನ ಜಡ್ಜಮ್ಮ! ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ, ನನಗಿಂತ ಚೆನ್ನಾಗಿ. ಅಕ್ಕ ನಂಬಿದಳು. "ಹೋಗ್ಲಿ ಬಿಡು, ಮೂರೇ ಮಾರ್ಕ್ಸಲ್ವಾ, ಮುಂದಿನ ವರ್ಷ ಕಟ್ಟು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೋ ಅಲ್ಲಿ ಗರ ಬಡಿದೋನ ಥರ ನಿಂತಿದ್ದೀಯ? ಅವಳಿಗಾಗಿ ಅಷ್ಟು ಕಷ್ಟಪಟ್ಟೆ, ಒಳಗೆ ಬಾ, ಊಟ ಮಾಡು" ಅಂದಳು.

ಉಂಡೆ. ಏನು ಉಂಡೆನೋ.

ಜೂನ್ 12, ಗುರುವಾರ

ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿದ್ದೆ. ನನ್ನ ಅಧ್ಯಾಯದಿಂದ ಯಾರಿಗೆ ಎಷ್ಟು ಮಾರ್ಕ್ಸು ಹೋಯಿತು ಅಂತ ಬಾಗಿಲಲ್ಲೇ ಕೇಳಿದೆ. ಮೊದಲು ಹೇಳಲು ಒಪ್ಪಲಿಲ್ಲ. ಅಲ್ಲೇ ನಿಂತೆ. ಕೊನೆಗೆ ಒಳಗೆ ಹೋಗಿ ನೋಡಿಕೊಂಡು ಬಂದು, ಒಬ್ಬೊಬ್ಬರದೂ ನಿಧಾನವಾಗಿ ಹೇಳಿದರು.

ಬಸ್ಸಿನಲ್ಲಿ ಕಂಡಕ್ಟರು ಏನಣ್ಣಾ ಸಪ್ಪಗಿದ್ದೀರಿ ಅಂದ. ನಮ್ಮ ಹುಡುಗಿಗೆ ಮೂರು ಮಾರ್ಕ್ಸು ಹೋಯಿತು ಅಂದೆ. ಅವನಿಗೂ ಮೂರೇ. ಮಾರ್ಕೆಟ್ಟಿನವರಿಗೂ ಮೂರೇ ಹೇಳುತ್ತೇನೆ. ಅಕ್ಕನಿಗೆ ಹೇಗೂ ಮೂರು. ಅವಳು ಕೊಟ್ಟ ಲೆಕ್ಕ ಅದು, ನಾನು ಯಾರು ಕೆಡಿಸಲು.

ಆ ಲೆಕ್ಕವನ್ನು ಇಲ್ಲೂ ಬರೆಯಲು ಹೊರಟಿದ್ದೆ. ಪೆನ್ನು ಹೋಗುತ್ತಿಲ್ಲ.

ಮೂರಲ್ಲ. ಇಪ್ಪತ್ತೆರಡು. ಅದು ಅವಳೊಬ್ಬಳದ್ದು. ರೇಡಿಯೋನದ್ದು ಹತ್ತೊಂಬತ್ತು. ಹಾಸ್ಟೆಲಿನ ಇಬ್ಬರದ್ದು ಇಪ್ಪತ್ತು, ಇಪ್ಪತ್ತು.

ಎಲ್ಲಾ ಸೇರಿ ಎಂಬತ್ತೊಂದು.